ನಮ್ಮ ಹೃದಯ: ಅದರ ದುಡಿಮೆ, ಅದರ ದಣಿವು



ಈ ಪತ್ರಿಕೆಯಲ್ಲಿ ನಾನು ಇದುವರೆಗೆ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಸಾಲುನಾಟಿ ಮುಂತಾದ ವಿಷಯಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಹೃದಯದ ಪಾಠ ಕಂಡು, ‘ಗೊಬ್ಬರದ ಲೆಕ್ಕ ಹೇಳುವ ಗ್ರಾಮಸೇವಕನಿಗೆ ಡಾಕ್ಟರ ಉಸಾಬರಿ ಏಕೆ?’ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದಿದ್ದು ಕೃಷಿ ಡಿಪ್ಲೊಮಾ, ವೈದ್ಯವಲ್ಲ. ಆದರೆ ಕಳೆದ ಮುಂಗಾರಿನಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ನಿಮ್ಮ ಮುಂದೆ ಇಟ್ಟು, ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ನಾಟಿಯ ಕಾಲ. ನನ್ನ ಸರ್ಕಲ್ಲಿನ ಒಂದು ಹಳ್ಳಿಯಲ್ಲಿ, ಅರುವತ್ತರ ಹತ್ತಿರದ ರೈತರೊಬ್ಬರು ಗದ್ದೆಯ ಬದುವಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಕಾಲು ಚಾಚಿ ತೋರಿಸಿದರು. “ನೋಡಪ್ಪ, ಸಂಜೆಯಾದರೆ ಕಾಲು ಬಾತುಕೊಳ್ಳುತ್ತೆ, ಚಪ್ಪಲಿ ಹಿಡಿಸೋದಿಲ್ಲ. ರಾತ್ರಿ ಮಲಗಿದರೆ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರುತ್ತೇನೆ” ಎಂದರು. ನಾನು ನಗುತ್ತಲೇ, “ಯಜಮಾನರೇ, ದಿನವೆಲ್ಲ ಕೆಸರಿನಲ್ಲಿ ನಿಂತರೆ ಇನ್ನೇನಾದೀತು? ನಾಟಿ ಮುಗಿಯಲಿ, ತಾನೇ ಇಳಿಯುತ್ತೆ” ಎಂದು ಹೇಳಿ ಸಸಿಮಡಿ ನೋಡಲು ಹೋದೆ.

ಹನ್ನೆರಡು ದಿನಗಳ ಮೇಲೆ ಒಂದು ಬೆಳಗಿನ ಜಾವ ಅವರ ಮಗ ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಲಗಲಾರದೆ, ಮಾತನಾಡಲಾರದೆ, ಮುಳುಗುವವರಂತೆ ಉಸಿರಿಗೆ ಬಾಯಿ ಬಿಡುತ್ತಿದ್ದರಂತೆ. ಡಾಕ್ಟರು ಪರೀಕ್ಷಿಸಿ, “ಹೃದಯ ಸೋತಿದೆ. ಇದು ನಿನ್ನೆ ಮೊನ್ನೆಯದಲ್ಲ, ತಿಂಗಳುಗಳಿಂದ ನಡೆದುಬಂದದ್ದು. ಯಾರಿಗೂ ಹೇಳಲಿಲ್ಲವೆ?” ಎಂದು ಕೇಳಿದರಂತೆ. ಯಜಮಾನರು ನನ್ನ ಹೆಸರು ಹೇಳಲಿಲ್ಲ. ಅವರು ಹೇಳದ್ದನ್ನು ನಾನೇ ಇಲ್ಲಿ ಹೇಳಿಕೊಂಡಿದ್ದೇನೆ. ಪೈರಿನ ಎಲೆ ಹಳದಿಯಾದರೆ ನಿಂತು ನೋಡುವ ನಾನು, ಮನುಷ್ಯನ ಕಾಲು ಊದಿದ್ದನ್ನು ನಿಂತು ನೋಡಲಿಲ್ಲ.

ಎದೆಯೊಳಗಿನ ಪಂಪು

ನಮ್ಮ ಹೃದಯ ಅವರವರ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 300 ಗ್ರಾಂ. ಅದು ಬರಿಯ ಮಾಂಸದ ಚೀಲ; ಹಿಗ್ಗುವುದು, ಕುಗ್ಗುವುದು, ಇಷ್ಟೇ ಅದರ ಕೆಲಸ. ಹಿಗ್ಗಿದಾಗ ರಕ್ತ ತುಂಬಿಕೊಳ್ಳುತ್ತದೆ, ಕುಗ್ಗಿದಾಗ ಹೊರಕ್ಕೆ ನೂಕುತ್ತದೆ.

ಅದರೊಳಗೆ ನಾಲ್ಕು ಕೋಣೆಗಳಿವೆ, ಮೇಲೆ ಎರಡು, ಕೆಳಗೆ ಎರಡು. ಮೈಯೆಲ್ಲ ಸುತ್ತಿ ಬಂದ ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಗಿನ ಕೋಣೆಗೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸಕೋಶದಲ್ಲಿ ಪ್ರಾಣವಾಯುವನ್ನು ತುಂಬಿಕೊಂಡು ಎಡಗಡೆಯ ಮೇಲಿನ ಕೋಣೆಗೆ ಬಂದು, ಎಡಗಡೆಯ ಕೆಳಗಿನ ಕೋಣೆಗೆ ಇಳಿಯುತ್ತದೆ. ಈ ಕೊನೆಯ ಕೋಣೆಯ ಗೋಡೆಯೇ ಎಲ್ಲಕ್ಕಿಂತ ದಪ್ಪ. ಏಕೆಂದರೆ ನೆತ್ತಿಯಿಂದ ಅಂಗಾಲಿನವರೆಗೆ ರಕ್ತವನ್ನು ಒತ್ತಿ ಕಳುಹಿಸಬೇಕಾದುದು ಅದೇ.

ನಿಮ್ಮ ಬಾವಿಯ ಪಂಪ್‌ಸೆಟ್ಟಿನ ತಳದಲ್ಲಿ ಫುಟ್‌ವಾಲ್ವು ಇರುವುದಷ್ಟೆ? ನೀರು ಮೇಲೆ ಹೋಗಲು ಅದು ಬಿಡುತ್ತದೆ, ಹಿಂದಕ್ಕೆ ಬೀಳಲು ಬಿಡುವುದಿಲ್ಲ. ಅಂಥವೇ ನಾಲ್ಕು ಕವಾಟಗಳು ಹೃದಯದಲ್ಲಿವೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ‘ಲಬ್-ಡಬ್’ ಸದ್ದು ಈ ಕವಾಟಗಳು ಮುಚ್ಚಿಕೊಳ್ಳುವ ಸದ್ದೇ.

ಈಗ ಲೆಕ್ಕ ನೋಡೋಣ. ಸುಮ್ಮನೆ ಕುಳಿತಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತ ಹೊರಬರುತ್ತದೆ. ಅಂದರೆ ನಿಮಿಷಕ್ಕೆ 5 ಲೀಟರು, ದಿನಕ್ಕೆ ಸುಮಾರು 7000 ಲೀಟರು. 15 ಲೀಟರಿನ ಕೊಡದಲ್ಲಿ ಅಳೆದರೆ 460ಕ್ಕೂ ಹೆಚ್ಚು ಕೊಡಗಳು. ದಿನಕ್ಕೆ ಒಂದು ಲಕ್ಷ ಬಡಿತ. ಇಷ್ಟು ದುಡಿಯುವ ಎತ್ತು ಯಾರ ಕೊಟ್ಟಿಗೆಯಲ್ಲಿಯೂ ಇಲ್ಲ.

ಇದು ಗೊತ್ತಾದುದು ಹೇಗೆ?

ರಕ್ತ ಮೈಯಲ್ಲಿ ಸುತ್ತುತ್ತದೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 400 ವರ್ಷಗಳ ಹಿಂದೆ ಯೂರೋಪಿನ ದೊಡ್ಡ ಪಂಡಿತರೂ ಇದನ್ನು ಅರಿಯರು. ಉಂಡ ಅನ್ನ ಪಿತ್ತಜನಕಾಂಗದಲ್ಲಿ ರಕ್ತವಾಗಿ, ಕಾಲುವೆಯ ನೀರು ಹೊಲದಲ್ಲಿ ಇಂಗುವಂತೆ ಮೈಯಲ್ಲಿ ಇಂಗಿಹೋಗುತ್ತದೆ ಎಂದು ಅವರು ನಂಬಿದ್ದರು.

ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯ ಇದನ್ನು ಲೆಕ್ಕ ಹಾಕಿ ನೋಡಿದ. ಒಂದು ಬಡಿತಕ್ಕೆ ಹೊರಬರುವ ರಕ್ತವನ್ನು ಅತಿ ಕಡಿಮೆ ಎಂದು ಹಿಡಿದರೂ, ಅರ್ಧ ಗಂಟೆಯಲ್ಲಿ ಹೊರಟ ರಕ್ತ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚಾಯಿತು. ನಮ್ಮ ಈಗಿನ ಲೆಕ್ಕದಲ್ಲೇ ನೋಡಿ: ಅರ್ಧ ಗಂಟೆಗೆ 147 ಲೀಟರು. ಮೈಯಲ್ಲಿರುವುದು 5 ಲೀಟರು ಮಾತ್ರ. ಅಷ್ಟು ರಕ್ತ ಯಾವ ಊಟದಿಂದ ಹುಟ್ಟೀತು? ಎಲ್ಲಿ ಇಂಗೀತು? ಆದುದರಿಂದ ಅದೇ ರಕ್ತ ತಿರುಗಿ ತಿರುಗಿ ಬರುತ್ತಿದೆ ಎಂದು ಹಾರ್ವೆ ನಿಶ್ಚಯಿಸಿ 1628ರಲ್ಲಿ ಪುಸ್ತಕ ಬರೆದು ಪ್ರಕಟಿಸಿದ. ಹೋಗುವ ನಾಳಕ್ಕೂ ಬರುವ ನಾಳಕ್ಕೂ ನಡುವೆ ಇರುವ ಕೂದಲಿಗಿಂತ ಸಣ್ಣ ನಾಳಗಳನ್ನು 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡ. ಹೀಗೆ ಸುತ್ತು ಪೂರ್ತಿಯಾಯಿತು.

1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದ. ಒಂದು ಹೆಣ್ಣು ಕುದುರೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ನಿಲ್ಲಿಸಿದಾಗ ರಕ್ತ 8 ಅಡಿಗೂ ಮೇಲೆ ಏರಿತು. ರಕ್ತದೊತ್ತಡವನ್ನು ಅಳೆದದ್ದು ಅದೇ ಮೊದಲು. ಇಂದು ನಮ್ಮ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡುವುದೂ ಅದೇ ಒತ್ತಡವನ್ನೇ.

ಹೃದಯ ಸೋಲುವುದು ಎಂದರೇನು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಹೃದಯಾಘಾತ ಬೇರೆ, ಹೃದಯದ ಸೋಲು ಬೇರೆ. ಹೃದಯದ ಮಾಂಸಕ್ಕೇ ರಕ್ತ ಕೊಡುವ ನಾಳ ಫಕ್ಕನೆ ಕಟ್ಟಿಕೊಂಡು, ಮಾಂಸದ ಒಂದು ಭಾಗ ಸಾಯುವುದು ಆಘಾತ. ಹೃದಯದ ಸೋಲು ಎಂದರೆ ಹೃದಯ ನಿಂತುಹೋಗುವುದಲ್ಲ. ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತ ಒದಗಿಸಲಾರದು. ಆಘಾತದಿಂದ ಬದುಕಿ ಉಳಿದವರಿಗೆ ಮುಂದೆ ಈ ಸೋಲು ಬರಬಹುದು.

ಸೋಲುವ ಬಗೆ ಎರಡು. ಒಂದು, ಹೃದಯ ಸಡಿಲವಾಗಿ ಹಿಗ್ಗಿ, ನೂಕುವ ಬಲ ಕಳೆದುಕೊಳ್ಳುವುದು. ಒಳ್ಳೆಯ ಹೃದಯ ತಾನು ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ 55ರಿಂದ 70 ಭಾಗವನ್ನು ಒಂದು ಬಡಿತಕ್ಕೆ ನೂಕುತ್ತದೆ. ಸೋತ ಹೃದಯ 40 ಭಾಗವನ್ನೂ ನೂಕದೆ ಇರಬಹುದು. ಇನ್ನೊಂದು, ಹೃದಯದ ಗೋಡೆ ಗಡುಸಾಗಿ, ಹಿಗ್ಗಲಾರದೆ, ಸಾಕಷ್ಟು ರಕ್ತ ತುಂಬಿಕೊಳ್ಳದಿರುವುದು. ಎದೆಯ ಮೇಲೆ ಸಣ್ಣ ಯಂತ್ರವನ್ನು ಆಡಿಸಿ ತೆರೆಯ ಮೇಲೆ ಹೃದಯ ಬಡಿಯುವುದನ್ನು ತೋರಿಸುವ ‘ಎಕೋ’ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬುವರು 1953ರಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿದ್ದು ಹಡಗು ಕಟ್ಟುವವರಿಂದ ಎರವಲು ತಂದ ಯಂತ್ರದಿಂದ. ಲೋಹದಲ್ಲಿ ಬಿರುಕಿದೆಯೇ ಎಂದು ನೋಡಲು ಇದ್ದ ಯಂತ್ರ ಅದು.

ಹೃದಯ ಸೋತರೆ ಕಾಲೇಕೆ ಊದಬೇಕು? ಇದನ್ನು ನೀರಾವರಿಯ ರೈತರು ಬೇಗ ತಿಳಿಯಬಲ್ಲರು. ಕೆರೆಯ ತೂಬಿನಲ್ಲಿ ಏನೋ ಸಿಕ್ಕಿಕೊಂಡು ಕಾಲುವೆಯ ಕೊನೆಗೆ ನೀರು ಕಡಿಮೆ ಬಂತೆನ್ನಿ. ಕೊನೆಯಲ್ಲಿರುವ ನೀರುಗಂಟಿ, ‘ಕೆರೆಯಲ್ಲೇ ನೀರಿಲ್ಲ’ ಎಂದು ತಪ್ಪು ತಿಳಿದು ಕೋಡಿಗೆ ಅಡ್ಡ ಕಟ್ಟಿಸಿ, ಒಂದು ಹನಿಯೂ ಹೊರಗೆ ಹೋಗದಂತೆ ಮಾಡುತ್ತಾನೆ. ಕೆರೆ ತುಂಬಿ, ಹಿನ್ನೀರು ಅಕ್ಕಪಕ್ಕದ ಹೊಲಗಳಿಗೆ ನುಗ್ಗುತ್ತದೆ. ನಮ್ಮ ಮೈಯಲ್ಲಿ ಆ ನೀರುಗಂಟಿ ಮೂತ್ರಪಿಂಡ. ಹೃದಯ ಸೋತು ತನಗೆ ರಕ್ತ ಕಡಿಮೆ ಬಂದಾಗ, ಮೈಯಲ್ಲಿ ನೀರೇ ಇಲ್ಲವೆಂದು ತಿಳಿದು ಅದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಆ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಹೊಟ್ಟೆಗೆ. ಹೃದಯದ ಎಡಭಾಗ ಸೋತಿದ್ದರೆ ಹಿನ್ನೀರು ಶ್ವಾಸಕೋಶಕ್ಕೆ ಏರುತ್ತದೆ. ರಾತ್ರಿ ಮಲಗಿದಾಗ ಕಾಲಿನ ನೀರೂ ತಿರುಗಿ ರಕ್ತಕ್ಕೆ ಸೇರುವುದರಿಂದ ಉಸಿರು ಕಟ್ಟುತ್ತದೆ. ಎದ್ದು ಕುಳಿತರೆ ತುಸು ಹಗುರವಾಗುತ್ತದೆ. ಯಜಮಾನರು ಬದುವಿನ ಮೇಲೆ ನನಗೆ ಹೇಳಿದ್ದು ಇದನ್ನೇ. ಅಕ್ಷರ ಬಿಡದೆ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ. ಹುಡುಗರ ಚಾಟರಬಿಲ್ಲಿನ ರಬ್ಬರನ್ನು ಎಳೆದಷ್ಟೂ ಕಲ್ಲು ದೂರ ಹೋಗುತ್ತದೆ. ಹೃದಯವೂ ಹಾಗೆಯೇ, ಹೆಚ್ಚು ತುಂಬಿದರೆ ಹೆಚ್ಚು ಬಲವಾಗಿ ನೂಕುತ್ತದೆ. ಜರ್ಮನಿಯ ಫ್ರಾಂಕ್ 1895ರಲ್ಲಿಯೂ, ಇಂಗ್ಲೆಂಡಿನ ಸ್ಟಾರ್ಲಿಂಗ್ 1918ರಲ್ಲಿಯೂ ಈ ನಿಯಮವನ್ನು ಬರೆದರು. ಇದರಿಂದಲೇ ದುರ್ಬಲವಾದ ಹೃದಯವೂ ಕೆಲವು ಕಾಲ ಸಾವರಿಸಿಕೊಂಡು ಹೋಗುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಎಳೆದೂ ಎಳೆದೂ ರಬ್ಬರು ಸಡಿಲವಾಗುವ ದಿನ ಬಂದೇ ಬರುತ್ತದೆ.

ಸೋಲಿಗೆ ಕಾರಣಗಳು

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ಊರಿನ 5209 ಗಂಡಸರು ಹೆಂಗಸರನ್ನು ಮೊದಲೇ ಪರೀಕ್ಷಿಸಿ ಬರೆದಿಟ್ಟುಕೊಂಡು, ಮುಂದೆ ಯಾರಿಗೆ ಹೃದ್ರೋಗ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಎರಡು ವರ್ಷಕ್ಕೊಮ್ಮೆ ನೋಡುತ್ತ ಹೋದರು. ಹೃದಯ ಸೋತವರಲ್ಲಿ ಹೆಚ್ಚಿನವರಿಗೆ ಅದಕ್ಕೂ ಮೊದಲು ರಕ್ತದೊತ್ತಡ ಹೆಚ್ಚಾಗಿ ಇತ್ತು ಎಂಬುದು ಅದರಿಂದ ತಿಳಿಯಿತು. ಪೈಪಿನಲ್ಲಿ ಒತ್ತಡ ಹೆಚ್ಚಾದರೆ ಮೋಟಾರು ಸವೆಯುವಂತೆ, ವರ್ಷಗಟ್ಟಲೆ ಹೆಚ್ಚು ಒತ್ತಡಕ್ಕೆ ಎದುರಾಗಿ ನೂಕಿ ನೂಕಿ ಹೃದಯ ಸೋಲುತ್ತದೆ. ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಅಳೆಯದೆ ಅದು ಗೊತ್ತಾಗುವುದಿಲ್ಲ.

ಹೃದಯಾಘಾತ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಅತಿಯಾದ ಕುಡಿತ, ಇವು ಇತರ ಕಾರಣಗಳು. ರಕ್ತಹೀನತೆ ಇದ್ದರೆ ಸೋಲು ಮತ್ತಷ್ಟು ಹೆಚ್ಚುತ್ತದೆ. ಕೆಲವು ಹೆಂಗಸರಿಗೆ ತುಂಬು ಬಸಿರಿನಲ್ಲಿ ಅಥವಾ ಹೆರಿಗೆಯಾದ ಕೆಲವು ತಿಂಗಳಲ್ಲಿ ಹೃದಯ ಸೋಲುವುದುಂಟು. ಬಾಣಂತಿಗೆ ಏದುಸಿರು ಬಂದರೆ ‘ಬಾಣಂತನದ ಸುಸ್ತು’ ಎಂದು ಬಿಡಬಾರದು.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. 5ರಿಂದ 15 ವರ್ಷದ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ನೋವನ್ನು ಚಿಕಿತ್ಸೆ ಮಾಡದೆ ಬಿಟ್ಟರೆ, ಎರಡು ಮೂರು ವಾರಗಳ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು ಕಾಣಿಸಿಕೊಳ್ಳಬಹುದು. ಇದು ಕೀಲುಗಳನ್ನು ಬಿಟ್ಟುಹೋಗುತ್ತದೆ, ಹೃದಯದ ಕವಾಟಗಳನ್ನು ಬಿಡುವುದಿಲ್ಲ. ಕವಾಟ ಸುಕ್ಕಿ, ಫುಟ್‌ವಾಲ್ವು ಸೋರುವಂತೆ ರಕ್ತ ಹಿಂದಕ್ಕೆ ಬೀಳುತ್ತದೆ, ಅಥವಾ ದಾರಿ ಕಿರಿದಾಗುತ್ತದೆ. ಇಪ್ಪತ್ತು ಮೂವತ್ತರ ಪ್ರಾಯದಲ್ಲೇ ಹೃದಯ ಸೋಲುತ್ತದೆ. ಗಂಟಲು ನೋವಿನ ಹಂತದಲ್ಲೇ ಪೆನಿಸಿಲಿನ್ ಕೊಡಿಸಿದರೆ ಇದನ್ನು ತಪ್ಪಿಸಬಹುದು. ಈ ಜ್ವರ ಒಮ್ಮೆ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಂದರಂತೆ ವರ್ಷಗಳ ಕಾಲ ಪೆನಿಸಿಲಿನ್ ಸೂಜಿ ಹಾಕಿಸಬೇಕು. ಸುಗ್ಗಿ ಬಂತು, ಜಾತ್ರೆ ಬಂತು ಎಂದು ಒಂದನ್ನೂ ತಪ್ಪಿಸಬಾರದು.

ಔಷಧಗಳು ಬಂದ ದಾರಿ

ನಾಟಿ ಔಷಧವನ್ನು ಪೇಟೆಯ ಡಾಕ್ಟರು ನಂಬುವುದಿಲ್ಲ ಎಂಬ ದೂರು ಹಳ್ಳಿಗಳಲ್ಲಿದೆ. ಆದರೆ ಈ ಕಾಯಿಲೆಯ ಮೊದಲ ಒಳ್ಳೆಯ ಔಷಧ ದೊರೆತದ್ದು ಒಬ್ಬ ಹಳ್ಳಿಯ ಮುದುಕಿಯಿಂದಲೇ. ಮೈಯಲ್ಲಿ ನೀರು ತುಂಬಿದವರಿಗೆ ಇಂಗ್ಲೆಂಡಿನ ಆ ಮುದುಕಿ ಗುಟ್ಟಾಗಿ ಒಂದು ಕಷಾಯ ಕೊಡುತ್ತಿದ್ದಳು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳು. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನಿಗೆ ಇದು ತಿಳಿದು, ಅವುಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಎಂಬ ಹೂಗಿಡದ ಎಲೆ ಒಂದೇ ಎಂದು ಅವನು ಗುರುತಿಸಿದ. ಹತ್ತು ವರ್ಷ ನೂರೈವತ್ತಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು, ವಾಸಿಯಾದವರ ಜೊತೆಗೆ ವಾಸಿಯಾಗದವರ ಲೆಕ್ಕವನ್ನೂ ಮುಚ್ಚಿಡದೆ 1785ರಲ್ಲಿ ಪುಸ್ತಕ ಬರೆದ. ಅವನು ಕಂಡ ಮುಖ್ಯ ಸಂಗತಿ ಎಂದರೆ, ಔಷಧಕ್ಕೂ ವಿಷಕ್ಕೂ ನಡುವೆ ಇರುವ ಅಂತರ ಅತಿ ಕಿರಿದು, ಅಳತೆಯೇ ಎಲ್ಲ. ಆ ಎಲೆಯ ಸತ್ವವನ್ನು ಇಂದೂ ಡಾಕ್ಟರು ಕೆಲವರಿಗೆ ಅತಿ ಸಣ್ಣ ಅಳತೆಯಲ್ಲಿ ಮಾತ್ರೆಯಾಗಿ ಕೊಡುತ್ತಾರೆ. ನಮ್ಮ ಬೇಲಿಯ ಕಣಗಿಲೆಯಲ್ಲಿಯೂ ಅದೇ ಬಗೆಯ ವಿಷವಿದೆ. ಅದು ಹೃದಯವನ್ನು ನಿಲ್ಲಿಸಬಲ್ಲದು. ಯಾರೂ ಅದರ ಎಲೆ, ಬೀಜ, ಬೇರನ್ನು ಔಷಧವೆಂದು ಬಾಯಿಗೆ ಹಾಕಬಾರದು.

ಎರಡನೆಯ ಔಷಧದ ಮೂಲ ಹಾವು. ಬ್ರೆಜಿಲ್ ದೇಶದಲ್ಲಿ ನಮ್ಮ ಕೊಳಕುಮಂಡಲದ ನೆಂಟನಾದ ಒಂದು ಹಾವಿದೆ. ಅದು ಕಡಿದರೆ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿರುವ ಒಂದು ವಸ್ತುವನ್ನು ಆ ದೇಶದ ಫೆರೇರಾ ಎಂಬ ವಿಜ್ಞಾನಿ 1965ರಲ್ಲಿ ಬಣ್ಣಿಸಿದರು. ಅದರ ಗುಣವನ್ನು ಅನುಸರಿಸಿ, ವಿಷವನ್ನೇ ಬಳಸದೆ, ಪ್ರಯೋಗಶಾಲೆಯಲ್ಲಿ ಮಾತ್ರೆ ಮಾಡಿದರು. ಈ ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ, ಹೃದಯದ ಹೊರೆಯನ್ನು ಇಳಿಸುತ್ತದೆ.

ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಹೇಗೆ? ಹೊಸ ಗೊಬ್ಬರವನ್ನು ನಾವು ಹೇಗೆ ನೋಡುತ್ತೇವೆ? ಒಂದೇ ಹೊಲದಲ್ಲಿ ಒಂದು ತಾಕಿಗೆ ಹಾಕಿ, ಪಕ್ಕದ ತಾಕಿಗೆ ಹಾಕದೆ, ಎರಡರ ಇಳುವರಿಯನ್ನೂ ತೂಗುತ್ತೇವೆ. ಡಾಕ್ಟರೂ ಹಾಗೆಯೇ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲು ಮಾಡಿ ನೋಡುತ್ತಾರೆ. 1987ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನಾರ್ವೆ, ಸ್ವೀಡನ್, ಫಿನ್‌ಲೆಂಡ್ ದೇಶಗಳ 253 ಮಂದಿ, ಹೃದಯ ತೀರ ಸೋತವರು, ಇದ್ದರು. ಅವರಿಗೆ ಆಗ ದೊರೆಯುತ್ತಿದ್ದ ಚಿಕಿತ್ಸೆಯ ಜೊತೆಗೆ ಒಂದು ಪಾಲಿಗೆ ಈ ಮಾತ್ರೆ, ಇನ್ನೊಂದು ಪಾಲಿಗೆ ಸತ್ವವಿಲ್ಲದ ಮಾತ್ರೆ. ಆರು ತಿಂಗಳಲ್ಲಿ ಸತ್ವವಿಲ್ಲದ ಮಾತ್ರೆಯವರಲ್ಲಿ ನೂರಕ್ಕೆ 44 ಮಂದಿ ತೀರಿಕೊಂಡರು, ಔಷಧದವರಲ್ಲಿ 26.

ಮೂರನೆಯ ಔಷಧದ ಕಥೆ ಎತ್ತು ಕಟ್ಟುವವರಿಗೆ ತಿಳಿಯತಕ್ಕದ್ದು. ಹೃದಯ ಸೋತಾಗ ಮೈ ತನ್ನ ರಸಗಳನ್ನು ಸುರಿಸಿ ಅದನ್ನು ಬೇಗ ಬೇಗ ಬಡಿಯುವಂತೆ ಮಾಡುತ್ತದೆ. ಇದು ದಣಿದ ಎತ್ತಿಗೆ ಬಾರುಕೋಲಿನಿಂದ ಹೊಡೆದಂತೆ. ನಾಲ್ಕು ಹೆಜ್ಜೆ ಜೋರಾಗಿ ಹೋಗುತ್ತದೆ, ಆಮೇಲೆ ಮಲಗಿಬಿಡುತ್ತದೆ. ಸ್ವೀಡನ್ನಿನ ವಾಗ್‌ಸ್ಟೈನ್ ಎಂಬ ವೈದ್ಯರೂ ಅವರ ಜೊತೆಗಾರರೂ 1975ರಲ್ಲಿ ಏಳು ಮಂದಿ ರೋಗಿಗಳಿಗೆ, ಬಡಿತವನ್ನು ನಿಧಾನಗೊಳಿಸುವ ಔಷಧ ಕೊಟ್ಟು ಗುಣ ಕಂಡದ್ದನ್ನು ಪ್ರಕಟಿಸಿದರು. ಸೋತ ಹೃದಯಕ್ಕೆ ಈ ಔಷಧ ಅಪಾಯವೆಂಬುದೇ ಆಗಿನ ಪಾಠವಾಗಿತ್ತು, ಬಹುಮಂದಿ ಒಪ್ಪಲಿಲ್ಲ. 1999ರಲ್ಲಿ ಸಾವಿರಾರು ರೋಗಿಗಳ ಎರಡು ದೊಡ್ಡ ಪರೀಕ್ಷೆಗಳು ಪ್ರಕಟವಾದವು. ಎರಡರಲ್ಲಿಯೂ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಎತ್ತಿಗೆ ಬೇಕಾಗಿದ್ದುದು ಬಾರುಕೋಲಲ್ಲ, ಬಿಡುವು ಎಂಬುದನ್ನು ಒಪ್ಪಿಸಲು 24 ವರ್ಷ ಬೇಕಾಯಿತು. ಇದನ್ನೂ ಮೊದಲು ಅತಿ ಸಣ್ಣ ಅಳತೆಯಿಂದ, ಡಾಕ್ಟರ ಕಣ್ಣೆದುರಿನಲ್ಲೇ ಆರಂಭಿಸಬೇಕು.

ಇವುಗಳಲ್ಲದೆ ನೀರಿಳಿಸುವ ಮಾತ್ರೆಗಳಿವೆ. 2019ರಲ್ಲಿ ಪ್ರಕಟವಾದ 4744 ಮಂದಿಯ ಪರೀಕ್ಷೆಯಲ್ಲಿ, ಸಕ್ಕರೆ ಕಾಯಿಲೆಯ ಒಂದು ಮಾತ್ರೆ, ಸಕ್ಕರೆ ಕಾಯಿಲೆ ಇಲ್ಲದವರ ಸೋತ ಹೃದಯಕ್ಕೂ ನೆರವಾಗುವುದು ಕಂಡುಬಂತು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ಕೇಳಿ ತಂದು ನುಂಗಬಾರದು.

ಗುಣವಾಯಿತೆಂದು ಬಿಡಬಹುದೆ?

ಯಜಮಾನರು ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಕಾಲಿನ ಊತ ಇಳಿಯಿತು, ನಿದ್ದೆ ಬಂತು, ದೀಪಾವಳಿಯ ಹೊತ್ತಿಗೆ ಗದ್ದೆಯವರೆಗೆ ನಡೆದು ಹೋಗುವಂತಾದರು. “ವಾಸಿಯಾಯಿತಲ್ಲ, ಇನ್ನೇಕೆ ಈ ಮಾತ್ರೆಗಳ ಖರ್ಚು?” ಎಂದು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ಹಬ್ಬಕ್ಕೆ ಮಗಳ ಮನೆಗೆ ಹೋಗಿ ಹಪ್ಪಳ ಉಪ್ಪಿನಕಾಯಿಗಳನ್ನೂ ಬೇಡವೆನ್ನಲಿಲ್ಲ. ಕಾರ್ತಿಕ ಮುಗಿಯುವುದರೊಳಗೆ ತಿರುಗಿ ಆಸ್ಪತ್ರೆ ಸೇರಿದರು. ಎರಡನೆಯ ಸಲ ಚೇತರಿಸಿಕೊಳ್ಳುವುದು ಮೊದಲಿನಷ್ಟು ಸುಲಭವಾಗಲಿಲ್ಲ.

ಇದು ಅವರೊಬ್ಬರ ಮಾತಲ್ಲ. ಲಂಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಔಷಧದಿಂದ ಹೃದಯ ಮೊದಲಿನಂತೆ ಆದವರನ್ನೇ ಆರಿಸಿಕೊಂಡರು. 25 ಮಂದಿಗೆ ಡಾಕ್ಟರ ನಿಗದಲ್ಲೇ ಔಷಧವನ್ನು ಮೆಲ್ಲಗೆ ನಿಲ್ಲಿಸಿದರು. ಆರು ತಿಂಗಳಲ್ಲಿ 11 ಮಂದಿಗೆ ಕಾಯಿಲೆ ಮರುಕಳಿಸಿತು. ಔಷಧ ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಎಂದ ಮೇಲೆ ಔಷಧ ಈ ಕಾಯಿಲೆಯನ್ನು ಕಿತ್ತುಹಾಕುವುದಿಲ್ಲ, ತಡೆದು ಹಿಡಿಯುತ್ತದೆ. ಕೆರೆಯ ಏರಿ ನೀರನ್ನು ತಡೆದಿದೆ, ಇನ್ನು ಏರಿ ಬೇಡವೆಂದು ಯಾರಾದರೂ ಅಗೆದುಹಾಕುವರೆ?

ನಮ್ಮ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ 2013ರಲ್ಲಿ ಹೃದಯ ಸೋತು ಸೇರಿದ 1205 ಮಂದಿಯ ಲೆಕ್ಕ ಇಟ್ಟರು. ಅವರ ಸರಾಸರಿ ವಯಸ್ಸು 61. ಒಂದು ವರ್ಷದೊಳಗೆ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ತೀರಿಕೊಂಡರು. ಬೇಕಾದ ಔಷಧಗಳನ್ನು ಸರಿಯಾಗಿ ಪಡೆದವರ ಪಾಡು ಇತರರಿಗಿಂತ ಉತ್ತಮವಾಗಿತ್ತು. ಪರದೇಶದಲ್ಲಿ ಈ ಕಾಯಿಲೆ ಹೆಚ್ಚಾಗಿ ಎಪ್ಪತ್ತು ದಾಟಿದವರದು. ನಮ್ಮಲ್ಲಿ ಮನೆಯ ನೊಗ ಹೊತ್ತವರದು. ಆದುದರಿಂದಲೇ ಈ ಪಾಠ ರೈತರ ಪತ್ರಿಕೆಗೆ ಸಲ್ಲುತ್ತದೆ ಎಂದು ನಾನು ತಿಳಿದಿದ್ದೇನೆ.

ನಾವು ಮಾಡಬೇಕಾದುದು

1. ಸಂಜೆ ಎರಡು ಕಾಲೂ ಊದುವುದು, ಒತ್ತಿದರೆ ಬೆರಳಿನ ಗುಳಿ ಹಾಗೆಯೇ ನಿಲ್ಲುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಏದುಸಿರು ಬರುವುದು, ರಾತ್ರಿ ಉಸಿರು ಕಟ್ಟಿ ಏಳುವುದು, ತಲೆಗೆ ಎರಡು ಮೂರು ದಿಂಬು ಬೇಕಾಗುವುದು, ಇವು ಕಂಡರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಲು ಊದಲು ಬೇರೆ ಕಾರಣಗಳೂ ಇವೆ. ಯಾವುದೆಂದು ಹೇಳಬೇಕಾದವರು ಡಾಕ್ಟರು, ಗ್ರಾಮಸೇವಕನಲ್ಲ.

2. ಮೂವತ್ತು ದಾಟಿದವರೆಲ್ಲರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಒತ್ತಡ 140/90 ಮುಟ್ಟಿದ್ದರೆ ಡಾಕ್ಟರ ಮಾತಿನಂತೆ ನಡೆಯಿರಿ.

3. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪುಮೀನುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಉಪ್ಪು ಇದ್ದಲ್ಲಿ ನೀರು ನಿಲ್ಲುತ್ತದೆ.

4. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಿ. ಅವುಗಳಲ್ಲಿ ಹಲವು, ಮೈಯಲ್ಲಿ ಉಪ್ಪು ನೀರುಗಳನ್ನು ನಿಲ್ಲಿಸಿ ಸೋತ ಹೃದಯವನ್ನು ಮುಳುಗಿಸುತ್ತವೆ.

5. ಹೃದಯ ಸೋತವರು ದಿನವೂ ಬೆಳಿಗ್ಗೆ, ಮೂತ್ರಕ್ಕೆ ಹೋಗಿಬಂದು, ಊಟಕ್ಕೆ ಮುಂಚೆ ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಊತ ಕಾಣುವವರೆಗೆ ಕಾಯದೆ ಡಾಕ್ಟರನ್ನು ಕಾಣಬೇಕು.

6. ಎದೆಯಲ್ಲಿ ಒತ್ತಿ ಹಿಂಡಿದಂಥ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಕಡು ಮೇಲುಸಿರು ಬಂದರೆ 108ಕ್ಕೆ ಫೋನು ಮಾಡಿ. ಅದು ಗ್ಯಾಸು ಎಂದು ಸೋಡಾ ಕುಡಿಸುತ್ತ ಹೊತ್ತು ಕಳೆಯಬೇಡಿ.

7. ಮಾತ್ರೆಯ ಖರ್ಚು ಭಾರವಾದರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ಅದೇ ಸತ್ವದ ಮಾತ್ರೆ ದೊರೆಯುವುದೇ ಎಂದು ವಿಚಾರಿಸಿ.

ಯುವಕ ಸಂಘ, ಮಹಿಳಾ ಮಂಡಳಿಗಳಲ್ಲಿ ಚರ್ಚಿಸಲು

ನಮ್ಮ ಊರಿನಲ್ಲಿ ಮೂವತ್ತು ದಾಟಿದವರು ಎಷ್ಟು ಮಂದಿ? ಅವರಲ್ಲಿ ಈ ವರ್ಷ ರಕ್ತದೊತ್ತಡ ನೋಡಿಸಿಕೊಂಡವರೆಷ್ಟು? ಶಾಲೆಯ ಮಕ್ಕಳಲ್ಲಿ ಕೀಲುನೋವು ಜ್ವರ ಬಂದವರು ಇದ್ದಾರೆಯೇ? ಸೂಜಿ ತಪ್ಪದೆ ಹಾಕಿಸುತ್ತಿದ್ದಾರೆಯೇ? ಒಂದು ಮನೆಗೆ ತಿಂಗಳಿಗೆ ಎಷ್ಟು ಕಿಲೋ ಉಪ್ಪು ಬರುತ್ತದೆ? ಅದನ್ನು ಮನೆಯ ಮಂದಿಗೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಎಷ್ಟಾಯಿತು?

ಈ ಲೆಕ್ಕಗಳನ್ನು ಬರೆದಿಟ್ಟಿರಿ. ಮುಂದಿನ ಸಲ ನಾನು ಬಂದಾಗ ಬೀಜದ ಲೆಕ್ಕದ ಜೊತೆಗೆ ಇವನ್ನೂ ನೋಡೋಣ.

ಯಜಮಾನರು ಈಗ ದಿನವೂ ಬೆಳಿಗ್ಗೆ ಸಹಕಾರ ಸಂಘಕ್ಕೆ ಬಂದು, ಗೊಬ್ಬರದ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲುತ್ತಾರೆ. ಅವರ ಮೊಮ್ಮಗಳು ಅಂಕಿಯನ್ನು ಹಳೆಯ ಕಾಪಿ ಪುಸ್ತಕದಲ್ಲಿ ಬರೆಯುತ್ತಾಳೆ. ಗದ್ದೆಯ ಭಾರವಾದ ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ. ಬದುವಿನ ಮೇಲೆ ನಡೆದಾಡಿ ನೀರು ನೋಡುವುದನ್ನು ಬಿಟ್ಟಿಲ್ಲ. ಮೊನ್ನೆ ನಾನು ಹೋದಾಗ ಅವರೇ ಕರೆದು, “ನೋಡಪ್ಪ” ಎಂದು ಕಾಲು ಚಾಚಿದರು. ಈ ಸಲ ನಾನು ಬಾಗಿ, ಬೆರಳಿನಿಂದ ಒತ್ತಿ ನೋಡಿದೆ. ಗುಳಿ ಬೀಳಲಿಲ್ಲ.

— ಗ್ರಾಮಸೇವಕ